ಹರಿಹರದ ಗಾಜು, ಶನಿಯ ಉಂಗುರ

ಹೋದ ತಿಂಗಳು ಹರಿಹರದಲ್ಲಿ ತಂಗಿಯ ಮನೆಗೆ ಹೋಗಿದ್ದಾಗ ಅವಳ ಮಿಕ್ಸರ್ ಕೆಟ್ಟಿತು. ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಎಪ್ಪತ್ತೊಂಬತ್ತಾದರೂ ಕಾಲು ನಿಲ್ಲುವುದಿಲ್ಲ ಎಂದು ಮಕ್ಕಳು ಬೈಯುತ್ತಲೇ ಇರುತ್ತಾರೆ. ಅದನ್ನು ಚೀಲಕ್ಕೆ ಹಾಕಿಕೊಂಡು ನಾನೇ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯಾತ ತಂತಿ ಬೆಸೆಯಲೆಂದು ಕಾದ ಕಡ್ಡಿಯನ್ನು ಡಬ್ಬಿಯಲ್ಲಿದ್ದ ರಾಳಕ್ಕೆ ಮುಟ್ಟಿಸಿದ. ಚುರ್ ಎಂದು ಬಿಳಿ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿಯೇ ತಲೆಯ ಮೇಲಿನ ಸೆರಗನ್ನು ಎಳೆದುಕೊಳ್ಳಲು ಹೋಯಿತು. ತಲೆಯ ಮೇಲೆ ಸೆರಗೇ ಇರಲಿಲ್ಲ. ಹಾಗೆ ಹೊದೆಯುವುದನ್ನು ಬಿಟ್ಟು ಮೂವತ್ತು ವರ್ಷವಾಗಿದೆ.

ಹೊಗೆ ಆಗುವುದಿಲ್ಲವೇನೋ ಎಂದುಕೊಂಡು ಆತ ಪಾಪ ಸ್ಟೂಲನ್ನು ಆಚೆ ಎಳೆದುಕೊಟ್ಟ. ನಾನು ಅಲ್ಲಿ ಕೂತೆ. ಅಲ್ಲಿಂದ ಎರಡು ಓಣಿ ದಾಟಿದರೆ ಹೊಳೆಯ ಕಡೆಗೆ ಗಾಜು ಉಜ್ಜುತ್ತಿದ್ದ ಬಾಬಾಜಾನ್ ಸಾಬರ ಮನೆಯಿತ್ತು. ಈಗ ಅಲ್ಲೇನಿದೆಯೋ, ಹೋಗಿ ನೋಡುವ ಧೈರ್ಯ ಅವತ್ತೂ ಆಗಲಿಲ್ಲ.

ಅರವತ್ತಾರನೇ ಇಸವಿ. ನನಗೆ ಇಪ್ಪತ್ತು. ದಾವಣಗೆರೆಯ ಹಳೇ ಪೇಟೆಯಲ್ಲಿ ಹತ್ತಿ ದಲಾಲಿ ಮಾಡುವವರ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಿಎಸ್ಸಿ ಮೊದಲ ವರ್ಷ ಮುಗಿಸಿದ್ದೆ. ಎರಡನೆಯದಕ್ಕೆ ಕಾಲಿಡುವ ಮೊದಲೇ ಅಕ್ಷತೆ ಬಿತ್ತು. ತವರಿನಿಂದ ತಂದ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಖಗೋಳದ ಒಂದು ಇಂಗ್ಲಿಷ್ ಪುಸ್ತಕವಿತ್ತು. ಓಣಿಯ ಹೆಂಗಸರು ನನ್ನನ್ನು ‘ಕಾಲೇಜಿನ ಸೊಸೆ’ ಎಂದು ಕರೆಯುತ್ತಿದ್ದರು. ಚುಡಾಯಿಸಲಿಕ್ಕೆ ಕರೆಯುತ್ತಿದ್ದರು, ನಾನು ಹಿಗ್ಗುತ್ತಿದ್ದೆ. ಓದಿದವಳೆಂಬ ಕೊಬ್ಬು ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಮಾವನವರು ಹತ್ತಿ ನೋಡುವುದರಲ್ಲಿ ಪೇಟೆಗೇ ಹೆಸರಾದವರು. ಹತ್ತಿ ತುಂಬಿದ ಅಂಡಿಗೆಯೊಳಕ್ಕೆ ಕೈ ಹಾಕಿ ಒಂದು ಹಿಡಿ ಅರಳೆ ಕೀಳುವರು. ಎರಡು ಹೆಬ್ಬೆರಳುಗಳ ನಡುವೆ ಅದನ್ನು ಹಿಂಜಿ ಹಿಂಜಿ ಕೊನೆಗೆ ನಾಲ್ಕೈದು ಎಳೆ ಮಾತ್ರ ಉಳಿಸಿಕೊಂಡು, ಕಪ್ಪು ಕೋಟಿನ ತೋಳಿನ ಮೇಲೆ ಇಟ್ಟು ನೋಡಿ, ಇದು ಇಂಥ ಊರಿನ ಮಾಲು, ಎಳೆ ಇಷ್ಟುದ್ದ ಎಂದು ಹೇಳಿಬಿಡುವರು. ಅವರು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಅಂಥವರ ಕಣ್ಣಿಗೇ ಬಂತು ನೋಡಿ. ಕಣ್ಣೊಳಗೆ ಒತ್ತಡ ಏರಿ ನೋಟ ಸುತ್ತಲಿಂದ ಸಣ್ಣಗಾಗುತ್ತ ಬರುವ ಕಾಯಿಲೆ. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿಗೆ ಎದುರಿನದು ಮಾತ್ರ, ಊದುಕೊಳವೆಯಲ್ಲಿ ನೋಡಿದ ಹಾಗೆ, ಒಂದಿಷ್ಟು ಕಾಣುತ್ತಿತ್ತು. ಆಪರೇಷನ್ನೂ ಆಗಿತ್ತು. ಉಪಯೋಗವಾಗಲಿಲ್ಲ. ಇರುವುದು ಒಂದು ವರ್ಷ ಇದ್ದರೆ ಪುಣ್ಯ ಎಂದು ಡಾಕ್ಟರು ನನ್ನ ಗಂಡನ ಹತ್ತಿರ ಹೇಳಿದ್ದರು. ಅದನ್ನು ಮಾವನವರಿಂದ ಮುಚ್ಚಿಟ್ಟಿದ್ದೇವೆಂದು ನಾವು ತಿಳಿದಿದ್ದೆವು. ಅವರಿಗೆ ನಮಗಿಂತ ಮೊದಲೇ ಗೊತ್ತಿತ್ತು.

ಮುಂಬಯಿ ಮಿಲ್ಲುಗಳಿಂದ ಬರುವ ಇಂಗ್ಲಿಷ್ ಕಾಗದಗಳನ್ನು ಅವರಿಗೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದದ್ದು ಹೀಗೆ. ಗಂಡ ಅಂಗಡಿ, ಕುಕ್ಕುವಾಡ, ಸುತ್ತಲ ಹಳ್ಳಿ ಎಂದು ಹತ್ತಿ ಕೊಳ್ಳಲು ತಿರುಗುತ್ತಿದ್ದರು. ಸೊಸೆಯಾದವಳು ಮಾವನೆದುರು ಕೂರುವಂತಿಲ್ಲ. ಪಡಸಾಲೆಯ ಬಾಗಿಲಿನ ಹಿಂದೆ, ಸೆರಗು ಹೊದ್ದು, ಚೌಕಟ್ಟಿಗೆ ಆತು ನಿಂತು ಓದುತ್ತಿದ್ದೆ. ಒಂದು ದಿನ ಕಾಗದವನ್ನು ನನ್ನ ಪುಸ್ತಕದೊಳಗೆ ಇಟ್ಟುಕೊಂಡು ಬಂದಿದ್ದೆ. ಪುಸ್ತಕ ಜಾರಿ ಅವರ ಕಾಲ ಹತ್ತಿರ ತೆರೆದು ಬಿತ್ತು. ಅವರು ಅದನ್ನೆತ್ತಿಕೊಂಡು, ಮೂಗಿನ ಹತ್ತಿರ ಹಿಡಿದು, ಹಾಳೆಯನ್ನು ಅತ್ತ ಇತ್ತ ಸರಿಸಿ ಸರಿಸಿ ಒಂದು ಚಿತ್ರವನ್ನು ತುಂಡು ತುಂಡಾಗಿ ನೋಡಿದರು. ಏನಿದು ಎಂದು ಕೇಳಿದರು. ಶನಿ ಗ್ರಹ ಎಂದೆ.

“ಶನಿಗೆ ಉಂಗುರ ಯಾರು ಹಾಕಿದ್ರವ್ವ?” ಎಂದು ನಕ್ಕರು. ಆಮೇಲೆ ಗಂಭೀರವಾಗಿ, ಇದು ಖರೆಯೋ, ಬರೆದವನ ಖಯಾಲೋ ಎಂದು ವಿಚಾರಿಸಿದರು. ದುರ್ಬೀನಿನಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದದ್ದು, ಸಣ್ಣ ದುರ್ಬೀನಿನಲ್ಲೂ ಕಾಣುತ್ತದೆ ಎಂದು ನಾನು ಪುಸ್ತಕದ ಸಾಲನ್ನೇ ಓದಿ ಹೇಳಿದೆ. ಅವರು ಪುಸ್ತಕವನ್ನು ಮುಚ್ಚಿ ನನ್ನ ಕಡೆ ಚಾಚಿದರು.

“ಕಣ್ಣು ಇರೋದ್ರೊಳಗೆ ಒಂದು ಹೊಸಾದು ನೋಡ್ಬೇಕು ಅಂತ ಆಸೆ ಐತವ್ವ. ಹತ್ತಿ ನೋಡಿದ್ದು ಸಾಕಾಗೈತೆ.”

ಅಲ್ಲಿಂದ ಶುರುವಾಯಿತು ನಮ್ಮ ದುರ್ಬೀನಿನ ಹುಡುಕಾಟ. ಇಬ್ಬರಿಗೂ ಅದರ ಗಂಧಗಾಳಿ ಇಲ್ಲ. ಅವರು ವ್ಯಾಪಾರಸ್ಥರು, ಮಾಲು ಕೈಯಲ್ಲಿ ಹಿಡಿಯದೆ ಮಾತಾಡುವವರಲ್ಲ. ನಾನು ಪುಸ್ತಕದಲ್ಲಿ ಓದಿದ್ದೇ ವೇದ ಎನ್ನುವವಳು. ಕಲ್ಕತ್ತೆಯ ಒಂದು ಕಂಪನಿಗೆ ಕಾಗದ ಬರೆದೆ. ಹಿತ್ತಾಳೆ ಕೊಳವೆಯ ಒಳ್ಳೊಳ್ಳೆ ದುರ್ಬೀನುಗಳ ಚಿತ್ರವಿದ್ದ ಪಟ್ಟಿ ಬಂತು. ಮಾವನವರು ಅದನ್ನು ಮಗುವಿನ ಜಾತಕದ ಹಾಗೆ ಜೋಪಾನವಾಗಿ ಮಡಿಚಿಟ್ಟುಕೊಂಡರು. ಆದರೆ ಜೊತೆಗೆ ಒಂದು ಚೀಟಿಯೂ ಇತ್ತು: ಮಾಲು ಪರದೇಶದ್ದು, ಪರ್ಮಿಟ್ ಬೇಕು, ಆ ವರ್ಷ ರೂಪಾಯಿ ಬೆಲೆ ಇಳಿದದ್ದರಿಂದ ಬೆಲೆ ಹೇಳಲಾಗದು, ಎಂಟು ತಿಂಗಳಾದರೂ ಹಿಡಿಯಬಹುದು. ಎಂಟು ತಿಂಗಳು ಎಂದು ಓದುವಾಗ ನನ್ನ ದನಿ ಇಳಿಯಿತು. ಅವರು ಚೀಟಿಯನ್ನು ಇಸಿದುಕೊಂಡು ಹರಿದರು. ಪಟ್ಟಿಯನ್ನು ಮಾತ್ರ ಹರಿಯಲಿಲ್ಲ.

ಆಮೇಲೆ ಮುಂಬಯಿಯ ಏಜೆಂಟನೊಬ್ಬ ಮಿಲಿಟರಿಯವರು ಬಳಸಿ ಬಿಟ್ಟ ಜೋಡಿಕೊಳವೆಯ ದುರ್ಬೀನು ತಂದ. ಚರ್ಮದ ಚೀಲ, ಮೈಮೇಲೆ ಬಿಳಿ ಅಂಕಿ, ಎತ್ತಿದರೆ ಕಬ್ಬಿಣದ ಗುಂಡಿನ ತೂಕ. ಗಟ್ಟಿ ಮಾಲು ಎಂದು ಮಾವನವರ ಮನಸ್ಸು ಅದರ ಮೇಲೆ ಹೋಗಿಬಿಟ್ಟಿತು. ನಾನು ಬಾಗಿಲ ಹಿಂದಿನಿಂದ ಅಡ್ಡಬಂದೆ. ಅದು ಏಳು ಪಟ್ಟು ದೊಡ್ಡದು ಮಾಡುವಂಥದ್ದು, ಉಂಗುರಕ್ಕೆ ನಲವತ್ತಾದರೂ ಬೇಕು. ಅಲ್ಲದೆ ಎರಡು ಕೊಳವೆ ಯಾಕೆ, ನೋಡುವುದು ಒಂದು ಕಣ್ಣು ಎಂದೆ. ಏಜೆಂಟ ಮುಖ ಸಿಂಡರಿಸಿದ. ಮಾವನವರು ಮಾತ್ರ, ನಮ್ಮ ಸೊಸೆ ಅಂದ ಮೇಲೆ ಮುಗಿಯಿತು ಎಂದು ಅವನನ್ನು ಮಂಡಕ್ಕಿ ಮಿರ್ಚಿ ತಿನ್ನಿಸಿ ಕಳಿಸಿದರು. ಆ ಒಂದು ಮಾತಿಗೆ ನಾನು ವಾರಗಟ್ಟಲೆ ನೆಲದ ಮೇಲೆ ನಡೆದಿರಲಿಕ್ಕಿಲ್ಲ.

ಕೊನೆಗೆ ಉಳಿದದ್ದು ಹರಿಹರದ ಬಾಬಾಜಾನ್ ಸಾಬರು. ಸುತ್ತಲ ಊರಿಗೆಲ್ಲ ಚಾಳೀಸಿನ, ಎಂದರೆ ಕನ್ನಡಕದ, ಗಾಜು ಉಜ್ಜಿ ಕೊಡುತ್ತಿದ್ದವರು. ಕೃಶ ದೇಹ, ಬಿಳಿ ಗಡ್ಡ, ಉಗುರಿನ ಸಂದಿಯಲ್ಲಿ ಸದಾ ಕೆಂಪು ಪಾಲೀಶ್ ಪುಡಿ. ಮಾವನವರ ಚಾಳೀಸು ಹದಿನೈದು ವರ್ಷದಿಂದ ಅವರದೇ. ಅವರನ್ನು ಮನೆಗೆ ಕರೆಸಿದಾಗ ನಾನು ಪುಸ್ತಕದಿಂದ ಲೆಕ್ಕ ತೆಗೆದು ಹೇಳಿದೆ: ಅಂಗೈಯಗಲದ ಗಾಜು, ಬಹಳ ಕಡಿಮೆ ಉಬ್ಬು, ಒಂದಾಳುದ್ದಕ್ಕಿಂತ ಹೆಚ್ಚಿನ ತಗಡಿನ ಕೊಳವೆ, ಕಣ್ಣಿಡುವ ಕಡೆಗೆ ಗಡಿಯಾರದವರು ಸಿಕ್ಕಿಸಿಕೊಳ್ಳುವಂಥ ಸಣ್ಣ ಗಾಜು. ಸಾಬರು ನಾನು ಹೇಳಿದ್ದನ್ನು ತಲೆ ತಗ್ಗಿಸಿ ಕೇಳಿದರು. ಪುಸ್ತಕದ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ಇದೇನಾ ಕಾಣಬೇಕಾದದ್ದು ಎಂದು ಕೇಳಿ ಖಾತ್ರಿ ಮಾಡಿಕೊಂಡರು.

ಹತ್ತಿ ಪೇಟೆಯಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಕೈಗಳ ಮೇಲೆ ವಲ್ಲಿ ಹಾಸಿ, ಅದರ ಕೆಳಗೆ ಬೆರಳು ಹಿಡಿದು ಹೇಳುವುದು, ಹೊರಗಿನವರಿಗೆ ತಿಳಿಯುವುದಿಲ್ಲ. ಮಾವನವರು ಹೆಗಲ ವಲ್ಲಿಯನ್ನು ತೆಗೆದು ಸಾಬರ ಕೈಮೇಲೆ ಹಾಕಿದರು. ಗಾಜಿನ ವ್ಯಾಪಾರದಲ್ಲಿ ಅದು ನಡೆಯುವುದಿಲ್ಲ, ಆದರೂ ಸಾಬರು ಕೈ ಕೊಟ್ಟರು. ಅವರ ಬೆರಳುಗಳೇನು ಮಾತಾಡಿಕೊಂಡವೋ. ಕೈ ಹೊರಬಂದ ಮೇಲೆ ಸಾಬರು ಇಷ್ಟೇ ಅಂದರು.

“ಮಾದರಿಗೆ ಮಾಲು ಕೂಡಿದ್ರೆ ಗಾಜು ನಿಮ್ದು ಸಾವ್ಕಾರ್ರೆ. ಕೂಡದಿದ್ರೆ ನಂದು.”

ಅದೂ ಹತ್ತಿ ಪೇಟೆಯದೇ ಮಾತು. ಮೊದಲು ಮಾದರಿ ಬರುತ್ತದೆ, ಆಮೇಲೆ ಮಾಲು. ಎರಡಕ್ಕೂ ಎಳೆಯಷ್ಟು ವ್ಯತ್ಯಾಸ ಬಂದರೂ ಮಾಲು ವಾಪಸ್ಸು, ಜಗಳವಿಲ್ಲ, ತಂಟೆಯಿಲ್ಲ. ನಮ್ಮ ಮಾದರಿ ಆ ಚಿತ್ರ.

ಆ ಮಳೆಗಾಲವಿಡೀ ಸಾಬರು ಗಾಜು ಉಜ್ಜಿದರು. ಎರಡು ಸಲ ಮಾವನವರ ಜೊತೆ ನಾನೂ ಹರಿಹರಕ್ಕೆ ಹೋಗಿದ್ದೆ. ಹೊರಗೆ ತುಂಬಿದ ಹೊಳೆಯ ಸದ್ದು, ಒಳಗೆ ಸಣ್ಣ ಒಲೆಯ ಮೇಲೆ ರಾಳ, ಜೇನುಮೇಣ ಕರಗುವ ವಾಸನೆ. ಆ ರಾಳದ ಮೆತ್ತೆಯ ಮೇಲೆ ಕೆಂಪು ಪುಡಿ ಹಾಕಿ, ನೀರು ಚಿಮುಕಿಸಿ, ಗಾಜನ್ನು ಗುಂಡಗೆ ಗುಂಡಗೆ ತಿರುವುತ್ತ ಅವರು ಗಂಟೆಗಟ್ಟಲೆ ಕೂತಿರುತ್ತಿದ್ದರು. ನಡುನಡುವೆ ನಿಲ್ಲಿಸಿ ಹೆಬ್ಬೆರಳಿನಿಂದ ಗಾಜನ್ನು ಸವರುವರು. ಮಾವನವರು ಹತ್ತಿಯನ್ನು ಮುಟ್ಟುವ ಹಾಗೆಯೇ. ಇಬ್ಬರೂ ಎದುರುಬದುರು ಕೂತಿರುತ್ತಿದ್ದರು. ಮಾವನವರ ನೋಟ ಆ ಎರಡು ಸಲದ ನಡುವೆ ಇನ್ನಷ್ಟು ಸಣ್ಣಗಾಗಿತ್ತು. ಮೊದಲ ಸಲ ತಾವೇ ಹೊಸ್ತಿಲು ದಾಟಿದ್ದರು, ಎರಡನೇ ಸಲ ನನ್ನ ಗಂಡ ಕೈ ಹಿಡಿಯಬೇಕಾಯಿತು.

ದಸರಾ ಕಳೆದು ಆಕಾಶ ತಿಳಿಯಾದ ಮೇಲೆ ಸಾಬರು ಬಸ್ಸಿನ ಮೇಲೆ ಕೊಳವೆಯನ್ನು ಹೇರಿಕೊಂಡು ತಾವೇ ದಾವಣಗೆರೆಗೆ ಬಂದರು. ಅಂಡಿಗೆ ತೂಗುವ ತಕ್ಕಡಿಯನ್ನು ನೇತುಹಾಕುವ ಮೂರು ಗಳಗಳನ್ನು ಮಾಳಿಗೆಯ ಮೇಲೆ ನಿಲ್ಲಿಸಿ, ಕೊಳವೆಯನ್ನು ಹಗ್ಗದಲ್ಲಿ ತೂಗುಬಿಟ್ಟೆವು. ಸಮತೂಕಕ್ಕೆ ಹಿಂದೆ ಅರಳೆ ತುಂಬಿದ ಚೀಲ. ನೋಡಿದವರು ನಕ್ಕರೆ ನಗಲಿ ಎನ್ನುವಂತಿತ್ತು. ಅತ್ತೆ ಮಾತ್ರ ಮಾಳಿಗೆ ಹತ್ತಲಿಲ್ಲ. ಮಾವನವರಿಗೆ ಸಾಡೇಸಾತಿ ನಡೆದಿತ್ತು, ಅದಕ್ಕೇ ಕಣ್ಣು ಹೋಗುತ್ತಿದೆ ಎಂದು ಆಕೆಯ ಗಟ್ಟಿ ನಂಬಿಕೆ. ಪ್ರತಿ ಶನಿವಾರ ಎಳ್ಳೆಣ್ಣೆ ದೀಪ ಹಚ್ಚುತ್ತಿದ್ದರು. “ಗುಡಿಯಾಗೆ ಸೈತ ಅವನ ಎದುರಿಗೆ ನಿಲ್ಲಂಗಿಲ್ಲ, ನೀವು ಕೊಳವಿ ಹಚ್ಚಿ ನೋಡ್ತೀರಾ” ಎಂದು ಕೆಳಗಿನಿಂದಲೇ ಗೊಣಗಿದರು. ತಮಾಷೆಯೆಂದರೆ, ಆಕಾಶದಲ್ಲಿ ಶನಿ ಯಾವುದೆಂದು ಆ ಸಂಜೆ ನಮಗೆ ತೋರಿಸಿಕೊಟ್ಟದ್ದು ಅತ್ತೆಯೇ. ಅಂಗಳದಲ್ಲಿ ನಿಂತು ಮುಖ ಬೇರೆ ಕಡೆ ತಿರುಗಿಸಿಕೊಂಡು ಬೆರಳು ಮಾಡಿದರು. ಎಲ್ಲಿದ್ದಾನೆಂದು ಗೊತ್ತಿದ್ದರೆ ತಾನೇ ಆ ಕಡೆ ನೋಡದಿರಲು ಬರುವುದು!

ಮೊದಲು ಚಂದ್ರನನ್ನು ನೋಡಿದೆವು. ಮಾವನವರು ಬಲಗಣ್ಣನ್ನು ಇಟ್ಟವರು ತೆಗೆಯಲೇ ಇಲ್ಲ. ಮೈಲಿಬೇನೆ ಬಂದು ಹೋದ ಮುಖ ಇದ್ದಂಗೆ ಐತೆ ಎಂದರು, ನಗುತ್ತ ಕಣ್ಣೊರೆಸಿಕೊಂಡರು. ನಾನು ನೋಡಿದಾಗ ತಗ್ಗುಗಳು, ಅವುಗಳ ಅಂಚಿನ ನೆರಳು ಕೊರೆದಿಟ್ಟಂತೆ ಕಂಡವು. ಸಾಬರ ಗಾಜು ಎಂಥ ಗಾಜು ಎಂದು ಆಗಲೇ ತಿಳಿಯಬೇಕಿತ್ತು ನನಗೆ. ಆಮೇಲೆ ಕೊಳವೆಯನ್ನು ಶನಿಯ ಕಡೆ ತಿರುಗಿಸಿದೆವು. ಮಾವನವರು ನೋಡಿದರು. ಪಕ್ಕಕ್ಕೆ ಸರಿದರು. ನಾನು ಇಣುಕಿದೆ. ಜೋಳದ ಕಾಳಿನಷ್ಟು, ಮಾಸಲು ಹಳದಿಯ ಒಂದು ಗುಂಡು. ಸುತ್ತ ಏನೂ ಇಲ್ಲ. ಗಾಜು ಹಿಂದೆ ಮುಂದೆ ಸರಿಸಿದೆ, ಒರೆಸಿದೆ, ಮತ್ತೆ ನೋಡಿದೆ. ಬರೀ ಗುಂಡು.

ಸಾಬರು ತುಟಿ ಕಚ್ಚಿ ನಿಂತಿದ್ದರು. ಮಾವನವರು ತಮ್ಮ ಕಣ್ಣನ್ನೇ ನಂಬದೆ ನನ್ನ ಕಡೆ ಮುಖ ಮಾಡಿ ಕೇಳಿದರು.

“ಏನವ್ವ, ಮಾದರಿಗೆ ಕೂಡಿತಾ?”

“ಇಲ್ಲ ಮಾವಾರೆ. ಕೂಡಿಲ್ಲ.”

ಇಪ್ಪತ್ತು ವರ್ಷದವಳು, ಆಕಾಶದ ಆ ಕೂಡ ಗೊತ್ತಿಲ್ಲದವಳು, ಎಷ್ಟು ಖಡಾಖಂಡಿತವಾಗಿ ಹೇಳಿದೆ ನೋಡಿ. ಇಡೀ ಮಳೆಗಾಲದ ಕೆಲಸವನ್ನು ಎರಡು ಮಾತಿನಲ್ಲಿ ಮುಗಿಸಿದೆ.

ಸಾಬರು ವಾದ ಮಾಡಲಿಲ್ಲ. ಗಾಜನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಇಪ್ಪತ್ತು ದಿನಕ್ಕೆ ಮತ್ತೆ ಉಜ್ಜಿ ತಂದರು. ಶನಿ ಬರೀ ಗುಂಡು. ಕಾರ್ತೀಕ ಕಳೆಯುವಷ್ಟರಲ್ಲಿ ಮೂರನೆಯ ಸಲ ತಂದರು. ಆಗಲೂ ಗುಂಡು. ಮಾವನವರಿಗೆ ಊಟದ ತಟ್ಟೆಯಲ್ಲಿ ರೊಟ್ಟಿ ಕಂಡರೆ ಪಲ್ಯ ಕಾಣುತ್ತಿರಲಿಲ್ಲ. ಅಷ್ಟು ಸಣ್ಣಗಾಗಿತ್ತು ನೋಟ. ನಾನು ರಾತ್ರಿ ಮಲಗಿದರೆ ದಿನ ಎಣಿಸುತ್ತಿದ್ದೆ. ಏನೂ ಮಾಡಲು ಬರುತ್ತಿರಲಿಲ್ಲ. ಕಲ್ಕತ್ತೆಯದು ಬರುವುದಿಲ್ಲ, ಹರಿಹರದ್ದು ಕಾಣಿಸುವುದಿಲ್ಲ, ಕಣ್ಣು ಕಾಯುವುದಿಲ್ಲ. ಆ ಸಿಟ್ಟನ್ನೆಲ್ಲ ಸಾಬರ ಮೇಲೆ ಹಾಕಿದೆ. ಮೂರನೇ ಸಲ ಬಂದಾಗ, ಪುಸ್ತಕದಲ್ಲಿ ಸ್ಪಷ್ಟವಾಗಿದೆ, ಇಷ್ಟು ದೊಡ್ಡ ಗಾಜಿನಲ್ಲಿ ಕಾಣಲೇಬೇಕು, ಎಲ್ಲೋ ಉಜ್ಜಿದ್ದು ತಪ್ಪಿದೆ ಎಂದು ಬಾಗಿಲ ಹಿಂದಿನಿಂದಲೇ ಹೇಳಿದೆ. ಹಿರಿಯ ಮನುಷ್ಯ, ನನ್ನ ಅಪ್ಪನಿಗಿಂತ ದೊಡ್ಡವರು. ತಮ್ಮ ಕೆಂಪು ಹತ್ತಿದ ಬೆರಳುಗಳನ್ನು ನೋಡಿಕೊಂಡರು.

“ಗಾಜಿನಾಗೆ ತಪ್ಪಿಲ್ಲ ಅಂತ ನನ್ನ ಬೆರಳು ಹೇಳ್ತಾವೆ ಬೇಟಿ. ಆದ್ರೆ ನಿಮ್ಮ ಪುಸ್ತಕದ ಮುಂದೆ ನನ್ನ ಬೆರಳು ಎಷ್ಟರವು.”

ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ವರ್ಷ ಹಗುರವಾಗುತ್ತಿತ್ತು.

ಕೊಳವೆ ಮಾಳಿಗೆಯ ಮೇಲೆಯೇ ಉಳಿಯಿತು. ಸಂಕ್ರಾಂತಿಯ ಮಾರನೆಯ ದಿನ, ಹೊತ್ತು ಮುಳುಗಿ ಮಿಲ್ಲಿನ ಸೈರನ್ ಆದ ಮೇಲೆ, ಮಾವನವರು ಇನ್ನೊಂದು ಸಲ ಮೇಲೆ ಹತ್ತಿಸು ಎಂದರು. ಮನೆಯಲ್ಲಿ ಗಂಡಸರಿರಲಿಲ್ಲ. ಅತ್ತೆ ಬೇಡ ಎನ್ನಲಿಲ್ಲ. ಕೈ ಹಿಡ್ಕೊಂಡು ಹೋಗು, ಏಣಿ ಐತೆ ಎಂದಷ್ಟೇ ಅಂದರು. ಮಾವನ ಕೈಯನ್ನು ನಾನು ಹಿಡಿದದ್ದು ಅದೇ ಮೊದಲು. ಶನಿ ಪಶ್ಚಿಮಕ್ಕೆ ಇಳಿದಿದ್ದ, ಮಂಡಕ್ಕಿ ಭಟ್ಟಿಗಳ ಹೊಗೆಯ ಮೇಲೆ. ನಾನು ಕೊಳವೆ ಹೊಂದಿಸಿಕೊಟ್ಟೆ. ಅವರು ತಮ್ಮ ನೋಟದ ಸಣ್ಣ ತೂತಿಗೆ ಅದನ್ನು ಕೂಡಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು. ಆಮೇಲೆ ಉಸಿರು ಬಿಗಿಹಿಡಿದರು.

“ಯವ್ವಾ, ಗುಂಡಿನ ನಡುವೆ ಒಂದು ಎಳೆ ಹಾದಂಗೆ ಐತೆ. ಎರಡೂ ಕಡೆ ಚಾಚೈತೆ ನೋಡು.”

ನಾನು ನೋಡಿದೆ. ನಿಜ, ಒಂದು ಸಣ್ಣ ಗೆರೆಯಿತ್ತು. ಗುಂಡಿನ ಈಚೆಯಿಂದ ಆಚೆಗೆ, ನೇರ. ಹಿಂದೆ ಅದು ಇರಲಿಲ್ಲ. ಆದರೆ ನಾನು ಹುಡುಕುತ್ತಿದ್ದದ್ದು ಪುಸ್ತಕದ ಉಂಗುರವನ್ನು. ಟೋಪಿಯ ಅಂಚಿನಂಥ, ನಡುವೆ ಕತ್ತಲಿರುವ ಅಗಲವಾದ ಉಂಗುರವನ್ನು. ಒಂದು ನಿಮಿಷವೂ ನೋಡಲಿಲ್ಲ. ಕಣ್ಣು ತೆಗೆದೆ.

“ಗಾಜಿನ ಗೀರು ಇರಬೇಕು ಮಾವಾರೆ” ಎಂದೆ.

ಹತ್ತಿಯಲ್ಲಿ ಒಂದೇ ಒಂದು ಎಳೆಯನ್ನು ಬೇರೆ ಮಾಡಿ ನೋಡುತ್ತಿದ್ದ ಮನುಷ್ಯ, ಸೊಸೆ ಅಂದ ಮೇಲೆ ಮುಗಿಯಿತು ಎಂದುಕೊಂಡು ತಲೆಯಾಡಿಸಿದರು. ಗೀರೋ ಅಲ್ಲವೋ ಎಂದು ತಿಳಿಯಲು ಕಣ್ಣಿಡುವ ಗಾಜನ್ನು ಸ್ವಲ್ಪ ತಿರುಗಿಸಿದ್ದರೆ ಸಾಕಿತ್ತು. ಗೀರಾಗಿದ್ದರೆ ಗೆರೆಯೂ ಜೊತೆಗೆ ತಿರುಗುತ್ತಿತ್ತು. ಎರಡು ಬೆರಳಿನ ಕೆಲಸ. ಮಾಡಲಿಲ್ಲ.

ಮರುವಾರ ಮಾವನವರು ಕೊಳವೆಯನ್ನು ಗಾಡಿಗೆ ಹೇರಿಸಿ ಹರಿಹರಕ್ಕೆ ಕಳಿಸಿದರು. ಜೊತೆಗೆ ಕಳಿಸಿದ ಹಣವನ್ನು ಸಾಬರು ಮುಟ್ಟದೆ ವಾಪಸ್ಸು ಮಾಡಿದರು. ಪೇಟೆಯಲ್ಲಿ ಮಾಲು ವಾಪಸ್ಸಾದ ಸುದ್ದಿ ಮುಚ್ಚಿಡಲಾಗುವುದಿಲ್ಲ. ಸಾಬರ ಗಾಜು ಮಾದರಿಗೆ ಕೂಡಲಿಲ್ಲವಂತೆ ಎಂದು ನಾಲ್ಕು ಜನ ಆಡಿಕೊಂಡರು. ಚಾಳೀಸಿಗೆಂದು ಹರಿಹರಕ್ಕೆ ಹೋಗುತ್ತಿದ್ದ ಕೆಲವರು ಬೇರೆ ಕಡೆ ಹೋಗತೊಡಗಿದರು. ಯುಗಾದಿಯ ದಿನ ಬೇವು ಬೆಲ್ಲವನ್ನು ಕೈಗೆ ಕೊಟ್ಟಾಗ ಮಾವನವರು ಎರಡನ್ನೂ ಬೆರಳಿನಿಂದ ಮುಟ್ಟಿ ಬೇರೆ ಮಾಡಿಕೊಂಡರು. ಅದರ ಹಿಂದಿನ ವಾರವೇ ಬಲಗಣ್ಣೂ ಪೂರ್ತಿ ಹೋಗಿತ್ತು.

ಆ ವರ್ಷದ ದಸರೆಗೆ ಪೂಜೆಗೆ ಪುಸ್ತಕ ಇಡಬೇಕೆಂದು ಅತ್ತೆ ಕೇಳಿದರು. ತಿಂಗಳುಗಟ್ಟಲೆ ಮುಟ್ಟದ ಆ ಖಗೋಳದ ಪುಸ್ತಕವನ್ನು ಟ್ರಂಕಿನಿಂದ ತೆಗೆದು ಧೂಳು ಒರೆಸಿದೆ. ಶನಿಯ ಚಿತ್ರದ ಹಾಳೆ ತಾನಾಗಿಯೇ ತೆರೆದುಕೊಂಡಿತು. ಪುಟದ ಕೆಳಗೆ, ಗೆರೆ ಎಳೆದು, ಇರುವೆ ಸಾಲಿನಂಥ ಅಕ್ಷರದಲ್ಲಿ ಮೂರು ಸಾಲು ಇತ್ತು. ಹದಿನಾಲ್ಕು ಹದಿನೈದು ವರ್ಷಕ್ಕೊಮ್ಮೆ ಶನಿಯ ಉಂಗುರ ನಮ್ಮ ಕಡೆಗೆ ಅಂಚು ಮಾಡಿ ನಿಲ್ಲುತ್ತದೆ; ಆಗ ಕೆಲವು ತಿಂಗಳು ಅದು ಕಾಣುವುದಿಲ್ಲ, ಇಲ್ಲವೇ ತೆಳ್ಳನೆಯ ಗೆರೆಯಂತೆ ಮಾತ್ರ ಕಾಣುತ್ತದೆ. ಕೆಳಗೆ ಅಂಥ ವರ್ಷಗಳನ್ನು ಕೊಟ್ಟಿದ್ದರು. ಕೊನೆಯದು ಅರವತ್ತಾರು.

ಆ ಹೊತ್ತಿನ ಸಂಕಟವನ್ನು ಬರೆಯಲು ಇವತ್ತಿಗೂ ಬರುವುದಿಲ್ಲ. ಪುಸ್ತಕ ನನ್ನದು, ಕಣ್ಣೂ ನೆಟ್ಟಗಿತ್ತು, ಓದಿದವಳೆಂಬ ಹೆಸರೂ ಇತ್ತು. ದೊಡ್ಡ ಅಕ್ಷರ ಓದಿ ಸಣ್ಣ ಅಕ್ಷರ ಬಿಟ್ಟಿದ್ದೆ. ಪಡಸಾಲೆಗೆ ಹೋಗಿ, ಬಾಗಿಲ ಹಿಂದೆ ನಿಲ್ಲುವುದನ್ನು ಮರೆತು, ಮಾವನವರ ಕಾಲ ಹತ್ತಿರ ಕುಸಿದು ಕೂತು ಎಲ್ಲ ಹೇಳಿದೆ. ಅವರು ನನ್ನನ್ನು ಬೈಯಬೇಕಿತ್ತು. ಅವರು ಕೇಳಿದ್ದು, ಸಾಬರ ಗಾಜು ಹಂಗಾರೆ ಸರಿ ಇತ್ತಾ ಎಂದು. ಸರಿ ಇತ್ತು ಎಂದೆ. ಮೊದಲು ಅವರಿಗೆ ಹೇಳಬೇಕು, ನಾಳೆಯೇ ಹೋಗೋಣ ಎಂದರು.

ಸಾಬರು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ನಾನು ಪುಸ್ತಕ ತೆರೆದು ಆ ಸಾಲುಗಳನ್ನು ಕನ್ನಡದಲ್ಲಿ ಹೇಳಿ, ಕೈ ಮುಗಿದೆ. ಅವರು ಆಕಾಶದ ಕಡೆ ಒಮ್ಮೆ ನೋಡಿದರು, ಹಗಲಾಗಿತ್ತು. ಗಾಜು ಎಲ್ಲಿದೆ ಎಂದು ನಾನು ಆಸೆಯಿಂದ ಕೇಳಿದೆ. ಈಗ ಉಂಗುರ ಮತ್ತೆ ತೆರೆದುಕೊಳ್ಳುತ್ತಿರುತ್ತದೆ, ಮಾವನವರಿಗೆ ಕಾಣದಿದ್ದರೂ ಸಾಬರಾದರೂ ನೋಡಲಿ ಎಂದು. ಸಾಬರು ಒಳಗೆ ಹೋಗದೆ ಅಲ್ಲಿಂದಲೇ ಹೇಳಿದರು. ಕೊಳವೆಯ ತಗಡು ಸೂರಿಗೆ ಹೋಯಿತಂತೆ. ತಪ್ಪಾದ ಗಾಜು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಎರಡು ಹೋಳು ಮಾಡಿ, ಹೊಸದಾಗಿ ಉಜ್ಜಿ, ಭಾನುವಳ್ಳಿಯ ದರ್ಜಿಯೊಬ್ಬನಿಗೆ ಸಣ್ಣ ಗುಂಡು ಚಾಳೀಸು ಮಾಡಿಕೊಟ್ಟರಂತೆ. ಆತ ಅದನ್ನು ಹಾಕಿಕೊಂಡು ಸೂಜಿಗೆ ದಾರ ಪೋಣಿಸುತ್ತಾನೆ, ಚೆನ್ನಾಗಿ ಕಾಣುತ್ತದೆ ಅನ್ನುತ್ತಾನೆ ಎಂದರು.

ಮಾವನವರು ಹೆಗಲ ವಲ್ಲಿಯನ್ನು ತೆಗೆದು, ತಡವರಿಸುತ್ತ ಸಾಬರ ಕೈ ಹುಡುಕಿ ಅದರ ಮೇಲೆ ಹಾಸಿದರು. ವಲ್ಲಿಯ ಕೆಳಗೆ ಕೈ ಹಿಡಿದುಕೊಂಡರು. ದರ ಹೇಳುವಾಗ ಬೆರಳು ಆಡುತ್ತವೆ, ಮೇಲಿನ ಬಟ್ಟೆ ಅಲುಗುತ್ತದೆ. ಅವತ್ತು ಬಟ್ಟೆ ಅಲುಗಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಾವನವರಿಗೆ ಕಿಟಕಿಯ ಪಕ್ಕ ಜಾಗ ಕೊಟ್ಟು, ಅವರ ಪಕ್ಕದಲ್ಲೇ ಕೂತೆ. ಊರ ಹೊರಗೆ ಬಂದ ಮೇಲೆ ಅವರು ಮಾತಾಡಿದರು.

“ಹಂಗಾರೆ ನಾ ಉಂಗುರ ನೋಡೀನಿ.”

ಹೌದು ಮಾವಾರೆ, ನೀವೇ ಮೊದಲು ನೋಡಿದಿರಿ ಎಂದೆ. ಅವರು ನಕ್ಕರು, ಹಿಗ್ಗಿನಿಂದಲೇ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಏನನ್ನೋ ಹುಡುಕುವವರಂತೆ ಮುಖ ಮಾಡಿದರು.

“ಹೆಂಗಿತ್ತವ್ವ ಅದು? ನೀ ಗೀರು ಅಂದಿ ನೋಡು, ನಾ ನೆನಪಿಟ್ಕೊಳ್ಳಲಿಲ್ಲ.”

ನಾನು ಹೇಳಿದೆ. ಬೆಳ್ಳಗಿತ್ತು ಎಂದೆ, ನೆಟ್ಟಗಿತ್ತು ಎಂದೆ, ಗುಂಡಿನ ಎರಡೂ ಕಡೆ ಸಮನಾಗಿ ಚಾಚಿತ್ತು ಎಂದೆ. ಅರ್ಧ ಪುಸ್ತಕದ್ದು, ಅರ್ಧ ಕಟ್ಟಿದ್ದು. ಗೀರೆಂದು ತಿಳಿದು ನಾನೂ ಸರಿಯಾಗಿ ನೋಡಿರಲಿಲ್ಲವಲ್ಲ. ಅವರು ಗಮನವಿಟ್ಟು ಕೇಳುತ್ತ, ವಲ್ಲಿಯ ಅಂಚಿನಿಂದ ಒಂದು ದಾರ ಕಿತ್ತು, ಹೆಬ್ಬೆರಳುಗಳ ನಡುವೆ ಹಿಂಜಿ ಹಿಂಜಿ ಒಂದೇ ಎಳೆ ಉಳಿಸಿದರು. ಅದನ್ನು ಕಪ್ಪು ಕೋಟಿನ ತೋಳಿನ ಮೇಲೆ ಇಟ್ಟು, ತೋಳನ್ನು ನನ್ನ ಕಡೆ ಚಾಚಿ, ಇಷ್ಟು ಸಣ್ಣಗಿತ್ತಾ ಎಂದು ಕೇಳಿದರು.

“ಹೂಂ ಮಾವಾರೆ, ಇಷ್ಟೇ ಸಣ್ಣಗೆ” ಎಂದೆ. ಬಸ್ಸು ಕುಲುಕಿತು. ಎಳೆ ಯಾವಾಗಲೋ ಗಾಳಿಗೆ ಹಾರಿಹೋಗಿತ್ತು. ಅವರಿಗೆ ಹೇಳಲಿಲ್ಲ. ದಾವಣಗೆರೆ ಬರುವವರೆಗೂ ಅವರು ತೋಳು ಅಲುಗಿಸದೆ ಹಾಗೆಯೇ ಹಿಡಿದುಕೊಂಡಿದ್ದರು.